ಚಂದ್ರಮೋಹನನಿಗೆ ಎಡಗಡೆ ಸೀಟು

ಚಂದ್ರಮೋಹನ ಒಳ್ಳೆಯವನು. ಇದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ಹೇಳೋಕೆ ನನಗೆ ಮನಸ್ಸು ಬರೋದಿಲ್ಲ.

ನಾನು ಮುರಳೀಧರ. 2006ರಲ್ಲಿ ದೆಲ್ಲಿಯ ಒಂದು ಸಣ್ಣ ಚಾರ್ಟರ್ ಕಂಪನಿಯಲ್ಲಿ ಕೋ-ಪೈಲಟ್ ಆಗಿದ್ದೆ. ಮಂತ್ರಿಗಳು, ಸಕ್ಕರೆ ಕಾರ್ಖಾನೆ ಮಾಲೀಕರು, ಉದಯಪುರಕ್ಕೆ ಮದುವೆ ಮಾಡಿಸೋಕೆ ಹೊರಟ ಸಾಹುಕಾರರು, ಇಂಥವರನ್ನು ಎಂಟು ಸೀಟಿನ ವಿಮಾನದಲ್ಲಿ ಕೂರಿಸಿಕೊಂಡು ಹೋಗೋದು ನಮ್ಮ ಕೆಲಸ. ಎಡಗಡೆ ಸೀಟಿನವನು ಕ್ಯಾಪ್ಟನ್, ಬಲಗಡೆಯವನು ಕೋ-ಪೈಲಟ್. ಏಳು ವರ್ಷ ನಾನು ಬಲಗಡೆಯೇ ಕೂತಿದ್ದೆ.

ಚಂದ್ರಮೋಹನ ನನಗಿಂತ ನಾಲ್ಕು ವರ್ಷ ತಡವಾಗಿ ಬಂದವನು. ಬಂದದ್ದಾದರೂ ಹೇಗೆ? ಪೈಲಟ್ ಆಗಿ ಅಲ್ಲ, ಆಫೀಸಿನಲ್ಲಿ ಹವಾಮಾನದ ಫ್ಯಾಕ್ಸ್ ತೆಗೆದು ನಮ್ಮ ಕೈಗೆ ಕೊಡೋ ಗುಮಾಸ್ತನಾಗಿ. ನನ್ನ ಅಪ್ಪ ಕೇಂದ್ರ ಸರ್ಕಾರದಲ್ಲಿ ಜಾಯಿಂಟ್ ಸೆಕ್ರೆಟರಿ, ದೊಡ್ಡ ಅಧಿಕಾರಿ. ಅವನ ಅಪ್ಪ ಈಶ್ವರಪ್ಪ ಕೃಷಿ ಭವನದಲ್ಲಿ ಟೈಪಿಸ್ಟ್. ಅಂಥವನು ರಜೆ ಹಾಕಿ ಹಾಕಿ ಲೈಸೆನ್ಸ್ ಮಾಡಿಕೊಂಡು, ಒಂದು ದಿನ ಭುಜಕ್ಕೆ ಕೋ-ಪೈಲಟ್ ಪಟ್ಟಿ ಹಚ್ಚಿಕೊಂಡು ಬಂದು, "ಮುರಳಿ ಸರ್, ನಿಮ್ಮ ಆಶೀರ್ವಾದ" ಅಂತ ಕೈ ಮುಗಿದ. ಆಶೀರ್ವಾದವಂತೆ!

ಜನಕಪುರಿಯ ಅವನ ಮನೆಗೆ ನಮ್ಮನ್ನು ಒಂದು ಭಾನುವಾರ ಊಟಕ್ಕೆ ಕರೆದಿದ್ದ. ಗೋಡೆಗೆ ವಿಮಾನದ ಮೀಟರುಗಳ ದೊಡ್ಡ ಕಾಗದ ಅಂಟಿಸಿ, ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದ. ಅವನ ತಾಯಿ ವಿಜಯಮ್ಮ ಅಕ್ಕಿ ಆರಿಸುತ್ತಾ, ಅವನು ಕನ್ನಡದಲ್ಲಿ ಬರೆದುಕೊಟ್ಟ ಚೀಟಿ ನೋಡಿ, "ಎಡಗಡೆ ಎಂಜಿನ್ ಹೋಯ್ತು ಕಣೋ, ಏನ್ ಮಾಡ್ತೀಯ ಹೇಳು" ಅಂತ ಕೇಳೋರು. ಅವನು ಕುರ್ಚಿಯಲ್ಲೇ ಕೂತು ಉತ್ತರ ಹೇಳೋನು. ನನ್ನ ಹೆಂಡತಿ ಲೀಲಾಗೆ ಕಣ್ಣಲ್ಲಿ ನೀರೇ ಬಂತು. ದ್ವಾರಕಾ ಬಡಾವಣೆಯ ನಮ್ಮ ಮನೆಗೆ ವಾಪಸ್ ಬರುವ ದಾರಿಯುದ್ದಕ್ಕೂ ಅದೇ ಮಾತು. "ಎಷ್ಟು ಶ್ರದ್ಧೆ ಅಲ್ವೇನ್ರೀ ಆ ಹುಡುಗನಿಗೆ? ನೀವೂ ಹಾಗೆ ಒಂದಿಷ್ಟು..." ನನಗೆ ಹೊಟ್ಟೆ ಉರಿದುಹೋಯಿತು. ಅವತ್ತಿನ ಬಿಸಿಬೇಳೆಬಾತ್ ಕೂಡ ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ನಮ್ಮ ದಂಧೆಯಲ್ಲಿ ಆರು ತಿಂಗಳಿಗೊಮ್ಮೆ ಪರೀಕ್ಷೆ. ಎಷ್ಟೇ ಅನುಭವ ಇರಲಿ, ಪರೀಕ್ಷಕ ಹಿಂದೆ ಕೂತು ನೋಡಿ, ಯೋಗ್ಯ ಅಂತ ಬರೆದರೆ ಮಾತ್ರ ಹಾರಾಟ. ಫೆಬ್ರವರಿಯಲ್ಲಿ ನನ್ನ ಕ್ಯಾಪ್ಟನ್ ಚೆಕ್, ಅಂದರೆ ಎಡಗಡೆ ಸೀಟಿಗೆ ಹೋಗೋ ಪರೀಕ್ಷೆ, ಆಯಿತು. ಫೇಲಾದೆ. ಅಡ್ಡಗಾಳಿ ಜೋರಾಗಿತ್ತು ಅಂತ ಎಲ್ಲರಿಗೂ ಹೇಳಿದೆ. ನಿಜ ಏನಂದರೆ ಗಾಬರಿಯಾಗಿ ಚಕ್ರ ಇಳಿಸೋದನ್ನೇ ಮರೆತಿದ್ದೆ. ಇನ್ನೊಂದು ಸಲ ಅಯೋಗ್ಯ ಅಂತ ಬಿದ್ದರೆ ಮನೆಗೆ ನಡಿ ಅಂತ ಕಂಪನಿ ಕಾಗದ ಕೊಟ್ಟಿತ್ತು. ಖಾಲಿ ಇದ್ದದ್ದು ಒಂದೇ ಕ್ಯಾಪ್ಟನ್ ಜಾಗ, ಅದರ ಚೆಕ್ ಈಗ ಚಂದ್ರಮೋಹನನ ಪಾಲಿಗೆ ಬಂತು. ಅವನು ಬಿದ್ದರೆ ಮತ್ತೆ ನನ್ನ ಸರದಿ. ಅವನ ಚೆಕ್‌ಗೆ ಬಲಗಡೆ ಸೀಟಿನಲ್ಲಿ ಕೂರೋಕೆ ಯಾರನ್ನು ಹಾಕಿದರು? ನನ್ನನ್ನೇ! ನನ್ನ ಆರು ತಿಂಗಳ ಪರೀಕ್ಷೆಯೂ ಅದರಲ್ಲೇ ಸೇರಿತ್ತು.

ಪರೀಕ್ಷಕರು ಕ್ಯಾಪ್ಟನ್ ಗ್ರೇವಾಲ್, ವಾಯುಪಡೆಯಿಂದ ನಿವೃತ್ತರಾದ ಸರ್ದಾರ್‌ಜಿ. ಸಂಶಯ ಅನ್ನೋದೇ ಇಲ್ಲದ ಮನುಷ್ಯ, ಪೈಲಟ್ ಕೊಟ್ಟ ಮಾತೇ ಅವರಿಗೆ ಸಾಕ್ಷಿ. ಹಿಸಾರ್ ಕಡೆ ಹಾರಿದೆವು. ಅವರ ಸೀಟಿನ ಹೆಡ್‌ಸೆಟ್ ಅವತ್ತು ಕೆಟ್ಟಿತ್ತು, ಎಂಜಿನ್ ಸದ್ದಿನಲ್ಲಿ ನಮ್ಮ ಮಾತು ಅವರಿಗೆ ಕೇಳಿಸುತ್ತಿರಲಿಲ್ಲ, ಮೀಟರುಗಳು ಮಾತ್ರ ಕಾಣುತ್ತಿದ್ದವು. ಚಂದ್ರಮೋಹನ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ. ಅವನು ಅಚ್ಚುಕಟ್ಟಾಗಿ ಮಾಡಿದಷ್ಟೂ ನನ್ನ ಸರದಿ ದೂರ ಸರಿಯುತ್ತಾ ಬಂತು.

ಕೊನೆಗೆ ಒಂದು ಎಂಜಿನ್ ತಗ್ಗಿಸಿ, ಇನ್ನೊಂದರಲ್ಲೇ ಇಳಿಯಬೇಕು. ಆಗ ವೇಗ ಬೀಳಬಾರದು. ಬಿದ್ದರೆ ಕೋ-ಪೈಲಟ್ "ಸ್ಪೀಡ್" ಅಂತ ಕೂಗಬೇಕು, ಅದು ನನ್ನ ಕೆಲಸ. ಚಂದ್ರಮೋಹನ ರನ್‌ವೇ ಕಡೆ ನೋಡುತ್ತಿರುವಾಗ ವೇಗದ ಮುಳ್ಳು ಇಳಿಯತೊಡಗಿತು. ಐದು ನಾಟ್ ಕಮ್ಮಿ. ಹತ್ತು. ಕಂಡೆ. ಸ್ಪಷ್ಟವಾಗಿ ಕಂಡೆ. ಒಂದೇ ಪದ, ನಾಲಿಗೆ ಮೇಲೆ ಬಂದು ಕೂತಿತ್ತು. ನುಂಗಿದೆ.

ಹದಿನೈದಕ್ಕೆ ಬಂದಾಗ ಅವನೇ ನೋಡಿಕೊಂಡ. ಪವರ್ ಕೊಟ್ಟ, ವೇಗ ಏರಿತು, ನೆಲಕ್ಕೆ ಹೂವಿನಂತೆ ಇಳಿಸಿದ.

ದೆಲ್ಲಿಗೆ ಬಂದ ಮೇಲೆ ಹ್ಯಾಂಗರ್ ಪಕ್ಕದ ಕೋಣೆಯಲ್ಲಿ ಗ್ರೇವಾಲ್ ಸಾಹೇಬರು ಫಾರಂ ಬಿಡಿಸಿ ಕೂತರು. "ಇಳಿಯುವಾಗ ಸ್ಪೀಡ್ ಹದಿನೈದು ಬಿತ್ತು. ಮುರಳಿ, ನೀನು ಕೂಗಿದೆಯಾ?"

ಕೂಗಲಿಲ್ಲ ಅಂದರೆ ನಾನು ಅಯೋಗ್ಯ, ಕೆಲಸ ಹೋಯಿತು. ಬಾಯಿ ತೆರೆಯುವ ಮೊದಲೇ ಚಂದ್ರಮೋಹನ ಹೇಳಿದ: "ಕೂಗಿದರು ಸರ್. ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ."

ಸಾಹೇಬರ ಹುಬ್ಬು ಮೇಲೇರಿತು. "ಅಚ್ಛಾ? ಕೋ-ಪೈಲಟ್ ಮಾತು ಕೇಳದವನು ಕ್ಯಾಪ್ಟನ್ ಆಗೋಕೆ ಸಾಧ್ಯವಿಲ್ಲ ಬೇಟಾ." ಪೆನ್ನಿನ ಮುಚ್ಚಳ ತೆಗೆದರು.

ನನಗೆ ಎಲ್ಲವೂ ಸಿಕ್ಕಿಬಿಟ್ಟಿತ್ತು. ಕೆಲಸ ಉಳಿಯಿತು, ಅವನು ಬಿದ್ದ, ಮುಂದಿನ ಸರದಿ ನನ್ನದು. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನ ಮುಖ ನೋಡಿದೆ. ಇರಲಿ ಬಿಡಿ ಸರ್ ಅನ್ನೋ ಹಾಗೆ ನನ್ನ ಕಡೆ ಮೆಲ್ಲಗೆ ತಲೆಯಾಡಿಸಿದ. ಮೈಯೆಲ್ಲ ಉರಿದುಹೋಯಿತು! ನಾಳೆಯಿಂದ ನಾನು ತಿನ್ನೋ ಅನ್ನ ಇವನು ಉಳಿಸಿಕೊಟ್ಟದ್ದಾ? ಎಡಗಡೆ ಸೀಟಿನಲ್ಲಿ ಕೂತಾಗಲೆಲ್ಲ ಇದು ಇವನು ಬಿಟ್ಟುಕೊಟ್ಟ ಸೀಟು ಅಂದುಕೊಳ್ಳಬೇಕಾ? ಸೋಲೋದರಲ್ಲೂ ಇವನೇ ಗೆಲ್ಲಬೇಕಾ?

"ಸುಳ್ಳು ಸರ್," ಅಂತ ಕಿರುಚಿದೆ. "ನಾನು ಕೂಗಲಿಲ್ಲ."

ಗ್ರೇವಾಲ್ ಸಾಹೇಬರು ನಮ್ಮಿಬ್ಬರನ್ನೂ ಒಂದು ನಿಮಿಷ ನೋಡಿದರು. ಚಂದ್ರಮೋಹನನಿಗೆ ಸುಳ್ಳು ಹೇಳಿದ್ದಕ್ಕೆ ಪಂಜಾಬಿಯಲ್ಲಿ ಚೆನ್ನಾಗಿ ಬೈದರು. ಆಮೇಲೆ, ಯಾರೂ ಕೂಗದಿದ್ದರೂ ತಾನೇ ನೋಡಿ ಸರಿಮಾಡಿಕೊಂಡನಲ್ಲ ಅಂತ ಅವನನ್ನು ಯೋಗ್ಯ ಅಂತ ಬರೆದರು, ನನ್ನನ್ನು ಅಯೋಗ್ಯ ಅಂತ ಬರೆದರು. ಹೊರಡುವಾಗ ನನ್ನ ಬೆನ್ನು ತಟ್ಟಿ, "ಕೆಲಸ ಹೋದರೂ ನಿಜ ಹೇಳಿದೆ, ಶಾಬಾಶ್" ಅಂದರು. ಆ ಶಾಬಾಶ್ ಮೈಮೇಲೆ ಬಿಸಿನೀರು ಬಿದ್ದಂತಾಯಿತು.

ಹೊರಗೆ ಸ್ಕೂಟರ್ ನಿಲ್ಲಿಸೋ ಜಾಗದವರೆಗೆ ಚಂದ್ರಮೋಹನ ನನ್ನ ಹಿಂದೆಯೇ ಬಂದ.

"ಯಾಕೆ ಸರ್ ಹೇಳಿದ್ರಿ? ನನಗೆ ವಯಸ್ಸಿದೆ, ಇನ್ನೊಂದು ಸಲ ಚೆಕ್ ಕೊಡ್ತಿದ್ದೆ. ನಿಮಗೆ ಕೆಲಸವೇ ಹೋಗುತ್ತಲ್ಲ."

"ನಿನ್ನ ಋಣ ನನಗೆ ಬೇಡ ಕಣಯ್ಯ. ಮುಳ್ಳು ನನಗೆ ಕಾಣಿಸಲಿಲ್ಲ, ಅಷ್ಟೇ. ಕಾಣದ್ದಕ್ಕೆ ಶಿಕ್ಷೆ ಆಯಿತು, ಮುಗೀತು."

ಅವನು ಸುತ್ತ ಯಾರಾದರೂ ಇದ್ದಾರಾ ಅಂತ ನೋಡಿದ. ಆಮೇಲೆ ದನಿ ತಗ್ಗಿಸಿ, "ಕಾಣಿಸಿತ್ತು ಸರ್," ಅಂದ. "ನಾನು ನಿಮ್ಮ ಕಡೆ ತಿರುಗಿದಾಗ ನೀವು ಮುಳ್ಳನ್ನೇ ನೋಡ್ತಾ ಇದ್ರಿ. ಅದಕ್ಕೇ ನಾನೂ ನೋಡಿದ್ದು."

"ಗೊತ್ತಿದ್ದೂ ನನ್ನ ಪರವಾಗಿ ಸುಳ್ಳು ಹೇಳಿದೆಯಾ?"

"ಏಳು ವರ್ಷ ಕಾದಿದ್ರಲ್ಲ ಸರ್," ಅಂದ. "ನನಗೇ ಅಷ್ಟು ವರ್ಷ ಆಗಿದ್ರೆ, ನಾನೂ ಕೂಗ್ತಿದ್ನೋ ಇಲ್ವೋ."

ಅಯ್ಯೋ, ಕೊರಳಪಟ್ಟಿ ಹಿಡಿದು ಎರಡು ಬಿಟ್ಟಿದ್ದರೂ ತಡೆದುಕೊಳ್ಳುತ್ತಿದ್ದೆ. ಅವನು ಖಂಡಿತ ಕೂಗುತ್ತಿದ್ದ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.