ಗಿಡ್ಡ ಸೀಟಿನ ಸೇಡು

ಸೀರೆಯ ನೆರಿಗೆಯನ್ನು ಕಾಲ ನಡುವಿನಿಂದ ಹಿಂದಕ್ಕೆಳೆದು ಸೊಂಟಕ್ಕೆ ಸಿಗಿಸಿಕೊಂಡು, ಎರಡು ಹಾಲಿನ ಕ್ಯಾನುಗಳ ಸೈಕಲ್ ಏರುತ್ತಿದ್ದ ನನ್ನ ಸೋದರತ್ತೆಯ ಹಿಮ್ಮಡಿಗಳು ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿದ್ದವು. ನಾಲಿಗೆಯೂ ಮೆತ್ತಗಿರಲಿಲ್ಲ. ಯಾರಾದರೂ "ಹೆಣ್ಣುಮಗಳು ಸೈಕಲ್ ತುಳಿಯೋದೇನು?" ಎಂದರೆ, "ಮತ್ತ ಎಮ್ಮಿ ಹಾಲು ತಾನ ನಡಕೊಂತ ಆದೋನಿಗೆ ಹೋಗ್ತೈತೇನು?" ಎನ್ನುತ್ತಿದ್ದಳು. ನಮ್ಮೂರು ಆಸ್ಪರಿ ರಸ್ತೆಯಲ್ಲಿದೆ. ಅಲ್ಲಿಂದ ದಿನವೂ ಆದೋನಿ ಪಟ್ಟಣಕ್ಕೆ ತುಳಿಯಬೇಕು.

ಗಂಡ ಸತ್ತ ಮೇಲೆ ಅವನ ವರ್ತನೆ ಮನೆಗಳು, ಅಂದರೆ ತಪ್ಪದೆ ಹಾಲು ಹಾಕುವ ಮನೆಗಳು, ಅತ್ತೆಗೆ ಬಂದವು. ಆಕೆಯ ಅನ್ನವೆಲ್ಲ ಅವೇ. ಸೈಕಲ್ ಕಲಿಸಿದವನು ಆಕೆಯ ಮೈದುನ. ಅವನೂ ಹಾಲಿನವನೇ. ಸಂಬಂಧದಲ್ಲಿ ನನಗೆ ಮಾವನಾಗಬೇಕು; ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಸೀಟನ್ನು ತೀರಾ ಕೆಳಕ್ಕೆ ಇಳಿಸಿ, "ಅತ್ತಿಗೀ, ಕೂತರ ಎರಡೂ ಪಾದ ನೆಲಕ್ಕ ಪೂರಾ ಊರಬೇಕ್ರಿ. ಇಲ್ಲಾಂದ್ರ ಕ್ಯಾನ್ ಸಮೇತ ಬೀಳ್ತೀರಿ," ಎಂದ. ಹೊಸದಾಗಿ ಕಲಿಯುವವರಿಗೆ ಅದು ಸರಿಯೇ. ಕಲಿತ ಮೇಲೂ ಅವನು ಏರಿಸಗೊಡಲಿಲ್ಲ.

ವರ್ಷ ತುಂಬುವುದರೊಳಗೆ ಅತ್ತೆಯ ಮೊಣಕಾಲು ಹಿಡಿದವು. ಮಡಚಿದ ಕಾಲು ಮಡಚಿದಂತೆಯೇ ತುಳಿದರೆ ಇನ್ನೇನಾದೀತು? ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿಕೊಳ್ಳುತ್ತಿದ್ದಳು. ದೂರದ ಮನೆಗಳು ಕೈತಪ್ಪತೊಡಗಿದವು. "ಪಾಪ, ಆ ಓಣಿ ನಾ ನೋಡ್ಕೊಂತೀನಿ ಬಿಡ್ರಿ ಅತ್ತಿಗೀ," ಎಂದು ಮೈದುನ ಒಂದೊಂದನ್ನೇ ಬಾಚಿಕೊಂಡ. ಅತ್ತೆ ಅವನಿಗೆ ಕೈಮುಗಿಯುತ್ತಿದ್ದಳು. ಅದನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಅವನು ಮಗಳಿಗೆ ಹೊಸ ಸೈಕಲ್ ತಂದ ದಿನ ನಾನೂ ಅತ್ತೆಯೂ ಅವನ ಮನೆಗೆ ಹೋಗಿದ್ದೆವು. ನಾನಾಗ ಕಾಲೇಜು ಹುಡುಗಿ. ನಮಗೆ ಬೆನ್ನು ಮಾಡಿ ನಿಂತಿದ್ದವನು ನಾವು ಬಂದದ್ದನ್ನು ನೋಡಲಿಲ್ಲ. ಮಗಳ ಬಗಲಿಗೆ ಸೀಟು ಹೊಂದಿಸಿ, ಕೈ ಕೆಳಕ್ಕೆ ಚಾಚಿಸಿ, ಬೆರಳತುದಿ ಪೆಡಲು ತಿರುಗುವ ಅಚ್ಚಿಗೆ ಸರಿಯಾಗಿ ಮುಟ್ಟುವ ಹಾಗೆ ಸೀಟು ಎತ್ತರಿಸುತ್ತಿದ್ದ.

"ಅಪ್ಪಾ, ಕೂತರ ಪಾದ ಪೂರಾ ನೆಲಕ್ಕ ಸಿಗವಲ್ದು," ಎಂದಳು ಮಗಳು.

"ಕಾಲಬೆರಳು ಮುಟ್ಟಿದ್ರ ಸಾಕಮ್ಮಾ. ಗಿಡ್ಡ ಇಟ್ಟರ ಮೊಣಕಾಲು ಹಾಳಾಗ್ತಾವ. ನಿಮ್ಮ ದೊಡ್ಡವ್ವನ್ನ ನೋಡಿಲ್ಲೇನು?"

ಎಲಾ ಪಾಪಿ! ಎಲ್ಲ ಗೊತ್ತಿದ್ದೇ ಮಾಡಿದ್ದ.

ಅತ್ತೆ ಅಲ್ಲಿಂದಲೇ ತಿರುಗಿದಳು. ಮನೆಗೆ ಬಂದು ನನ್ನ ಕೈಗೆ ನಟ್ಟು ಬಿಗಿಯುವ ಪಾನಾ ಕೊಟ್ಟಳು. ತನ್ನ ಬಗಲಿಗೆ ಸೀಟು ಹೊಂದಿಸಿ, ಕೈ ಚಾಚಿ ಅಳೆದುಕೊಂಡಳು. "ಬಿಗಿಯವ್ವಾ, ಅವನ ಕುತ್ತಿಗಿ ಹಿಚುಕಿದಂಗ ಬಿಗಿ. ಒಂದೊಂದು ಮನೀನೂ ವಾಪಸ್ ತಗೊಂತೀನಿ. ಇಲ್ಲಾಂದ್ರ ನಾ ನಮ್ಮಪ್ಪಗ ಹುಟ್ಟಿದಾಕಿ ಅಲ್ಲ."

ತಗೊಂಡಳು. ಸೀಟು ಏರಿದ ಮೇಲೆ ದೂರದ ಓಣಿಗೂ ತುಳಿಯುವಷ್ಟು ನೋವು ತಗ್ಗಿತು. ಅವನದು ಬೈಕು, ನಿಜ. ಆದರೆ ಏಳುವುದು ಬಿಸಿಲು ಮುಖಕ್ಕೆ ಹೊಡೆದ ಮೇಲೆ. ಅವನು ಓಣಿಗೆ ಬರುವಷ್ಟರಲ್ಲಿ ಅತ್ತೆಯ ಹಾಲು ಕಾದು ಚಹಾ ಆಗಿರುತ್ತಿತ್ತು. ಗಾಡಿಯ ಸದ್ದು ಕೇಳಿದರೆ ಸಾಕು, "ಅಮ್ಮಾ, ನೀರು ಬೇಕಾದ್ರ ಹೇಳ್ರಿ, ನಮ್ಮ ಮೈದುನ ಕ್ಯಾನ್ ತುಂಬ ತಂದಾನ!" ಎಂದು ಕೂಗುತ್ತಿದ್ದಳು. ಓಣಿಯೇ ನಗುತ್ತಿತ್ತು. ನನಗಂತೂ ಹಾಲು ಕುಡಿದಷ್ಟು ಸಂತೋಷ.

ಮೊಣಕಾಲು ಮಾತ್ರ ಮೊದಲಿನಂತಾಗಲಿಲ್ಲ. "ಸಾಕು ಬಿಡತ್ತಿ, ಮನಿ ಎಲ್ಲಾ ಬಂದ್ವಲ್ಲ," ಎಂದು ನಾನೊಮ್ಮೆ ಅಂದೆ. "ಕಾಲು ಬಂದ್ವೇನು?" ಎಂದಳು.

ಹೋದ ವರ್ಷ ಜ್ವರ ಹಿಡಿದು ಮಲಗಿದಾಗ ನನ್ನನ್ನು ಹತ್ತಿರ ಕರೆದಳು. "ನಾ ಸತ್ತರ ಅವ ಬರ್ತಾನ. ಅಳ್ತಾನ, ಅಳಲಿ. ಹೆಗಲು ಕೊಡಾಕ ಬಂದ್ರ ಮಾತ್ರ ನಾ ಎದ್ದು ನಡಕೊಂತ ಹೋಗ್ತೀನಿ, ನೋಡು."

ಅವನು ಬಂದ. ಎದೆ ಬಡಿದುಕೊಂಡು, "ನಮ್ಮವ್ವ ಇದ್ದಂಗಿದ್ಳು, ಸೈಕಲ್ ಕಲಿಸಿದಾಂವ ನಾನ," ಎಂದು ಅತ್ತ. ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದಾಗ ಅವನ ಕೈ ಹಿಡಿದು ಸರಿಸಿದೆ.

"ನಿಮ್ಮ ಹೆಗಲು ಬ್ಯಾಡ್ರಿ. ಆಕಿ ಕಾಲು ತಿಂದದ್ದು ಸಾಕು."

ನೆರೆದವರೆಲ್ಲ ಕೇಳಿದರು. ಅವನ ಮಗಳೂ ಕೇಳಿದಳು. ಅವನು ತಲೆ ತಗ್ಗಿಸಿ ಹಿಂದೆ ಸರಿದ. ಒಂದು ಹೆಗಲು ಕಮ್ಮಿಬಿತ್ತು. "ಹೆಣ್ಣುಮಕ್ಕಳು ಹೊರಬಾರದು," ಎಂದು ಯಾರೋ ಅಂದರು. ಅನ್ನಲಿ. ನನ್ನ ಅತ್ತೆಯನ್ನು ನಾನೇ ಹೊತ್ತೆ.