ಪಟ್ಟಿಯ ಮೊದಲ ಹೆಸರು

ವಯನಾಡಿನ ಕಾಡಂಚಿನ ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಏಳರಿಂದ ಪಾಠ ಶುರುವಾಗುವವರೆಗೆ, ಸಂಜೆ ಪಾಠ ಮುಗಿದ ಮೇಲೆ ಆರರವರೆಗೆ ಮಕ್ಕಳನ್ನು ಪುಕ್ಕಟೆಯಾಗಿ ನೋಡಿಕೊಳ್ಳುವ ಏರ್ಪಾಡು ಬಂತು. ಇದು ಯಾರಿಗೆ ಸಿಗಬೇಕು ಎಂದು ಸಭೆಯಲ್ಲಿ ಕೇಳಿದಾಗ ಟೀಚರಾದ ನಾನೇ ಎದ್ದು ನಿಂತೆ. ಕಾಡೊಳಗಿನ ಆದಿವಾಸಿ ಹಾಡಿಯ ಮಕ್ಕಳಿಗೆ ಸಿಗಬೇಕು, ಅವರ ತಾಯಂದಿರು ನಸುಕಿನಲ್ಲೇ ಗಡಿಯ ಬಾವಲಿ ಚೆಕ್‌ಪೋಸ್ಟ್ ದಾಟಿ ಕರ್ನಾಟಕದ ಹೊಲಗಳಿಗೆ ಶುಂಠಿ ಕೆಲಸಕ್ಕೆ ಹೋಗುತ್ತಾರಲ್ಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಡಿಯ ಮಕ್ಕಳ ಪಟ್ಟಿಯನ್ನೂ ನಾನೇ ಬರೆದೆ.

ಒಂದನ್ನು ಮಾತ್ರ ಯಾರೂ ಯೋಚಿಸಲಿಲ್ಲ. ಆನೆ ಕಾಟದಿಂದ ಆ ಮಕ್ಕಳು ನಡೆದು ಬರುವಂತಿಲ್ಲ. ಅವರನ್ನು ಕರೆತರುವ ಜೀಪು ಒಂಬತ್ತೂವರೆಗೆ ಬರುತ್ತದೆ, ಸಂಜೆ ಗಂಟೆ ಹೊಡೆದ ಕೂಡಲೇ ಹೊರಟುಬಿಡುತ್ತದೆ. ಹಾಗಾಗಿ ಏಳಕ್ಕೆ ಬರುವವರು ಇಬ್ಬರೇ: ಹೆಡ್‌ಮಾಸ್ಟರ ಮೊಮ್ಮಗ, ಮತ್ತು ಶಾಲೆಯ ಪಕ್ಕದಲ್ಲೇ ಮನೆಯಿರುವ ನನ್ನ ಮಗಳು. ಬಂದ ಸವಲತ್ತನ್ನು ಹಾಳು ಮಾಡಬಾರದಲ್ಲ!

ನೋಡಿಕೊಳ್ಳುವ ಕೆಲಸಕ್ಕೆ ಹಾಡಿಯ ಹೆಂಗಸೊಬ್ಬಳನ್ನೇ ಇಟ್ಟೆವು. ಅವಳು ಕೂಲಿ ಹೆಂಗಸರ ಗುಂಪಿನ ಜೊತೆ ಕಾಡುದಾರಿಯಲ್ಲಿ ನಡೆದು ಬರುತ್ತಾಳೆ. ಒಂದು ಬೆಳಿಗ್ಗೆ ಅವಳು ನನ್ನ ಮಗಳಿಗೆ ಜಡೆ ಹಾಕುತ್ತಿದ್ದಾಗ ಕೇಳಿದೆ, "ಈ ಹೊತ್ತಲ್ಲಿ ನಿನ್ನ ಮಗನನ್ನ ಯಾರು ನೋಡ್ಕೋತಾರೆ?"

"ಯಾರೂ ಇಲ್ಲ ಟೀಚರೇ. ಜೀಪು ಬರೋವರ್ಗೂ ಒಳಗಿಂದ ಬಾಗ್ಲು ಹಾಕ್ಕೊಂಡು ಕೂತಿರ್ತಾನೆ. ನಿಮ್ಮ ಪಟ್ಟೀಲಿ ಮೊದಲ್ನೇ ಹೆಸ್ರೇ ಅವಂದು."

ನಾನು ಮಗಳ ಕಡೆ ತಿರುಗಿ, ಅಲುಗಾಡಬೇಡ, ಜಡೆ ಸೊಟ್ಟಗಾಗುತ್ತೆ ಎಂದೆ.