ಗುರುವಾರದ ಪ್ರಿಂಟರ್

ಪ್ರಿಂಟರಿಗೆ ಬೆಂಕಿ ಬಿದ್ದಿದೆ ಎಂದು ಕಂಪ್ಯೂಟರಿನ ಪರದೆ ಮೊದಲ ಸಲ ಹೇಳಿದಾಗ ನಾನು ನಂಬಿಬಿಟ್ಟೆ. ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದೆ. ಚಾಳಿನ ಸಾಲುಮನೆಗಳಿಗೆಲ್ಲ ಕರೆಂಟು ಹೋಯಿತು, ನೆರೆಯವರೆಲ್ಲ ಮರಾಠಿ, ಕನ್ನಡ ಎರಡರಲ್ಲೂ ಬೈದರು. ಪ್ರಿಂಟರ್ ಮಾತ್ರ ತಣ್ಣಗೆ ಕೂತಿತ್ತು. ಏನೋ ಕೆಟ್ಟಿದೆ, ಏನೆಂದು ಗೊತ್ತಾಗುತ್ತಿಲ್ಲ ಎನ್ನಬೇಕಾದಲ್ಲಿ ಹೀಗೆ ಬೆಂಕಿಯ ಮಾತಾಡುವುದು ಲಿನಕ್ಸ್ ಎಂಬ ತಂತ್ರಾಂಶ ಬರೆದವರ ಹಳೆಯ ತಮಾಷೆ ಎಂದು ನನಗೆ ತಿಳಿದದ್ದು ಆಮೇಲೆ.

ಅದು ತೊಂಬತ್ತರ ದಶಕದ ಕೊನೆ. ಸೋಲಾಪುರದ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿಕೊಂಡಿದ್ದೆ. ಅದರ ಒಳಗಿನ ಬರಹವನ್ನೆಲ್ಲ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದು ಚೆನ್ನಾಗಿದ್ದರೆ ಮುಂದಿನ ಸಿಡಿಯಲ್ಲಿ ಲೋಕಕ್ಕೆಲ್ಲ ಹೋಗುತ್ತದೆ ಎಂದು ತಿಳಿದಾಗಿನಿಂದ ನನ್ನ ತಲೆ ನೆಟ್ಟಗಿರಲಿಲ್ಲ. ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೂ ಪ್ರಿಂಟರಿನ ಮಾತನ್ನು ಕಂಪ್ಯೂಟರಿಗೂ ಮುಟ್ಟಿಸುವ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ನನ್ನ ಪ್ರಿಂಟರಿನ ಜಾತಿಯವಕ್ಕಾಗಿ ಇದ್ದ ಪುಟ್ಟ ಡ್ರೈವರೊಂದನ್ನು ದೂರದ ಚಳಿ ದೇಶದ ಒಬ್ಬರು ನೋಡಿಕೊಳ್ಳುತ್ತಿದ್ದರು. ನನಗೆ ಸಾಕಾಗಿದೆ, ಯಾರಾದರೂ ವಹಿಸಿಕೊಳ್ಳಿ ಎಂದು ಅವರು ಇ-ಮೇಲ್ ಬಳಗಕ್ಕೆಲ್ಲ ಬರೆದಿದ್ದರು. ವಹಿಸಿಕೊಂಡವರ ಹೆಸರು ಪ್ರತಿ ಸಿಡಿಯಲ್ಲೂ ಇರುತ್ತದೆ. ಆ ಹೆಸರು ನನ್ನದೇ ಆಗಬೇಕೆಂದು ನಾನು ಹಟ ಹಿಡಿದೆ.

ಆಗದೆ ಏನು ಎಂದು ಭಾನುವಾರ ಎಸ್ಟಿ ಬಸ್ಸು ಹಿಡಿದು ಅಕ್ಕಲಕೋಟಕ್ಕೆ ಹೋಗಿ ಅವ್ವನಿಗೂ ಹೇಳಿಬಿಟ್ಟೆ. ಅವ್ವನಿಗೆ ಹೇಳುವುದೆಂದರೆ ಊರಿಗೆ ಡಂಗುರ ಸಾರಿದ ಹಾಗೆ. ಸಂಜೆಯೊಳಗೆ ನಮ್ಮ ಓಣಿಯಲ್ಲಿ ಪೇಢೆ ಹಂಚಿಕೆಯಾಯಿತು. ಪೇಢೆ ತಿಂದವರು ನನ್ನನ್ನು ಕಂಡಾಗಲೆಲ್ಲ ‘ಹೆಸರ ಬಂತೇನ್ರಿ?’ ಎಂದು ಕೇಳತೊಡಗಿದರು. ಬರದಿದ್ದರೆ ನಾನು ಅಕ್ಕಲಕೋಟದ ಬಸ್ಸು ಹತ್ತುವ ಹಾಗೇ ಇರಲಿಲ್ಲ.

ಅವ್ವ ಒಂದೇ ಒಂದು ಷರತ್ತು ಹಾಕಿದ್ದಳು.

‘ಹೊಸಾ ಕೆಲಸ ಏನಿದ್ರೂ ಗುರುವಾರ ಹಚ್ಚು. ಮಹಾರಾಜರು ನೋಡ್ಕೋತಾರ.’ ಮಹಾರಾಜರೆಂದರೆ ಅಕ್ಕಲಕೋಟದಲ್ಲಿ ಸಮಾಧಿಯಾದ ಸ್ವಾಮಿಗಳು, ಗುರುವಾರ ಅವರ ವಾರ.

‘ಅವ್ವಾ, ಕಂಪ್ಯೂಟರಿಗೆ ವಾರ ಎಲ್ಲಿ ತಿಳೀತದ?’

‘ಅದಕ್ಕ ತಿಳೀದಿದ್ರ ಇರವಲ್ದ್ಯಾಕ. ನಿನಗ ತಿಳೀಬೇಕು.’

ಮೂಢನಂಬಿಕೆಯ ವಿರುದ್ಧ ಕಾಲೇಜಿನಲ್ಲಿ ಆವೇಶದಿಂದ ಭಾಷಣ ಮಾಡುತ್ತಿದ್ದವನು ನಾನು. ಆದರೂ ಅವ್ವನ ಬಾಯಿಗೆ ಬೀಳುವುದು ಬೇಡವೆಂದು ಒಪ್ಪಿದೆ. ಗುರುವಾರ ನನಗೆ ಬೆಳಗಿನ ಒಂದೇ ಕ್ಲಾಸು ಇತ್ತು, ಆದ್ದರಿಂದ ಇದು ವೈಜ್ಞಾನಿಕ ನಿರ್ಧಾರ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ.

ಬೆಂಕಿಗೆ ಕಾರಣ ಡ್ರೈವರಿನ ಅವಸರ ಎಂಬುದು ನನ್ನ ಸಿದ್ಧಾಂತ. ಪ್ರಿಂಟರ್ ತೊಂದರೆ ಎಂದು ಕೂಗಿದರೆ ತುಸು ಕಾಯಲಿ, ಮತ್ತೆ ಕೇಳಲಿ ಎಂದು ತಿದ್ದಿದೆ. ಗುರುವಾರ ಮಧ್ಯಾಹ್ನ ಹಚ್ಚಿ ನೋಡಿದರೆ ಪ್ರಶ್ನೆಪತ್ರಿಕೆ ಗರಗರನೆ ಮುದ್ರಣವಾಯಿತು. ಶುಕ್ರವಾರ ಮತ್ತೆ ಬೆಂಕಿ. ಇದು ಹಳೆಯ ದೋಷವಲ್ಲ, ಅದರ ಹಿಂದೆ ಅಡಗಿದ್ದ ಇನ್ನೊಂದು ದೋಷ ಎಂದು ತೀರ್ಮಾನಿಸಿ ಇನ್ನಷ್ಟು ತಿದ್ದಿದೆ. ಮುಂದಿನ ಗುರುವಾರ ಮತ್ತೆ ಯಶಸ್ಸು. ಗುರುವಾರಗಳಂದು ನನ್ನ ತಲೆ ಕೂಡ ಹಗುರಾಗಿರುತ್ತಿತ್ತು. ಕೆಲಸ ಕೈಗೂಡಿದ ನೆಮ್ಮದಿ ಇರಬೇಕು ಎಂದುಕೊಂಡಿದ್ದೆ. ಹೀಗೆ ತಿದ್ದಿ ತಿದ್ದಿ, ಕೊನೆಗೆ ಪ್ರಿಂಟರ್ ಎಷ್ಟು ಬಾಯಿ ಬಡಿದುಕೊಂಡರೂ ಕಿವಿಗೆ ಹಾಕಿಕೊಳ್ಳದಂಥ ಡ್ರೈವರ್ ತಯಾರಾಯಿತು. ‘ಕೂಲಂಕಷವಾಗಿ ಪರೀಕ್ಷಿಸಲಾಗಿದೆ’ ಎಂದು ಬರೆದು, ಕಾಲೇಜಿನ ಫೋನ್ ಲೈನಿನಿಂದ ಚಳಿ ದೇಶಕ್ಕೆ ಕಳಿಸಿಕೊಟ್ಟೆ.

ಉತ್ತರ ಬಂತು. ‘ನಿಮ್ಮ ತಿದ್ದುಪಡಿ ಹಾಕಿದ ಮೇಲೆ ಕಾಗದ ಮುಗಿದರೂ ನನ್ನ ಪ್ರಿಂಟರ್ ಬರೀ ಉರುಳೆಯ ಮೇಲೆ ಮುದ್ರಿಸುತ್ತಿದೆ. ನನಗೆ ನಿಮ್ಮ ದೋಷವೇ ಕಾಣುತ್ತಿಲ್ಲ. ಅದು ಯಾವ ಯಾವ ದಿನ ಬರುತ್ತದೆ?’

ನನಗೆ ಪಿತ್ತ ನೆತ್ತಿಗೇರಿತು. ಭಾರತದವನೆಂದು ಪಂಚಾಂಗ ಕೇಳುತ್ತಿದ್ದಾನೆಯೇ? ಇವನ ಮುಖಕ್ಕೆ ಹಿಡಿಯುತ್ತೇನೆ ಎಂದು ನನ್ನ ತಿದ್ದುಪಡಿಗಳನ್ನೆಲ್ಲ ಕಿತ್ತು ಹಳೆಯ ಡ್ರೈವರ್ ಹಾಕಿ ದಿನವೂ ಮುದ್ರಿಸಿ ನೋಡಿದೆ. ಸೋಮವಾರ ಬೆಂಕಿ, ಮಂಗಳವಾರ ಬೆಂಕಿ, ಬುಧವಾರ ಬೆಂಕಿ. ಗುರುವಾರ ತಣ್ಣಗೆ. ನನ್ನ ತಿದ್ದುಪಡಿ ಒಂದೂ ಇಲ್ಲದ ಹಳೆಯ ಡ್ರೈವರ್ ಅದು. ಆದರೂ ತಣ್ಣಗೆ. ನಾನು ನಿಜವಾಗಿಯೂ ಹೆದರಿದೆ. ಯಂತ್ರ ಕೆಟ್ಟಿದೆ ಎಂದಲ್ಲ, ಅವ್ವ ಹೇಳಿದ್ದೇ ಸರಿಯಾಗಿಬಿಟ್ಟರೆ ಎಂದು.

ಮರುದಿನ ಬೆಳಿಗ್ಗೆ ಬೇಗ ಎದ್ದು ಮುದ್ರಣಕ್ಕೆ ಹಚ್ಚಿ ಕೂತೆ. ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಗೋಡೆಯಾಚೆಯ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಗಳು ಶುರುವಾದವು. ಖಟಖಟ ಸದ್ದಿನ ಬೆನ್ನಿಗೇ ಪರದೆಯ ಮೇಲೆ ಬೆಂಕಿ. ಮೇಜಿನ ಮೇಲೆ ಕೈಯಿಟ್ಟರೆ ಮೇಜು ನಡುಗುತ್ತಿತ್ತು. ಬಗ್ಗಿ ಪ್ರಿಂಟರಿನ ಹಿಂದೆ ನೋಡಿದೆ. ಕೇಬಲ್ಲನ್ನು ಬಿಗಿಹಿಡಿಯಲೆಂದು ಇದ್ದ ಎರಡು ತಂತಿಯ ಕ್ಲಿಪ್ಪುಗಳು ಕಿವಿ ಜೋಲುಬಿಟ್ಟು ನಿಂತಿದ್ದವು. ಪ್ರಿಂಟರ್ ತಂದ ದಿನದಿಂದ ನಾನು ಅವನ್ನು ಹಾಕಿಯೇ ಇರಲಿಲ್ಲ. ಎರಡನ್ನೂ ಒತ್ತಿ ಕೂರಿಸಿದೆ. ಬೆಂಕಿ ಆರಿತು, ಮತ್ತೆಂದೂ ಬರಲಿಲ್ಲ. ಆ ಶೆಡ್ಡಿಗೆ ವಾರದ ರಜೆ ಗುರುವಾರ. ತಲೆ ಹಗುರಾಗುತ್ತಿದ್ದದ್ದೂ ಅದಕ್ಕೇ.

ನಾಚಿಕೆಯಿಂದ ಸತ್ತಂತಾಯಿತು. ಗೋಡೆ, ಮಗ್ಗ, ಕ್ಲಿಪ್ಪು ಎಲ್ಲವನ್ನೂ ವಿವರಿಸಿ, ನನ್ನ ತಿದ್ದುಪಡಿ ದಯವಿಟ್ಟು ಕಸಕ್ಕೆ ಹಾಕಿ ಎಂದು ಚಳಿ ದೇಶಕ್ಕೆ ಬರೆದೆ. ಭಾನುವಾರ ತಲೆ ತಗ್ಗಿಸಿಕೊಂಡು ಅಕ್ಕಲಕೋಟಕ್ಕೆ ಹೋದೆ.

‘ಅವ್ವಾ, ಹೆಸರು ಗಿಸರು ಏನೂ ಬರೂದಿಲ್ಲ. ನಿನ್ನ ಗುರುವಾರದ ಮಹಿಮಾನೂ ಅಲ್ಲ ಅದು. ಗುರುವಾರ ಬಾಜೂಕಿನ ಮಗ್ಗ ಬಂದ್ ಇರ್ತಾವ, ಅಷ್ಟ.’

ಅವ್ವ ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ‘ಆ ಮಗ್ಗದಾಂವ ಗುರುವಾರನ ಯಾಕ ಬಂದ್ ಇಡ್ತಾನ? ಕೇಳೀಯೇನು?’

ಕೇಳಿರಲಿಲ್ಲ. ಸೋಮವಾರ ಶೆಡ್ಡಿನ ಮಾಲೀಕರನ್ನು ಕೇಳಿದೆ.

‘ಗುರುವಾರ ಅಕ್ಕಲಕೋಟಕ್ಕ ದರ್ಶನಕ್ಕ ಹೋಗೂದಿರ್ತದಲ್ರಿ ಸರ. ನಮ್ಮ ಅಪ್ಪನ ಕಾಲದಿಂದ ನಡದದ. ಯಾಕ್ರಿ, ಸಪ್ಪಳ ಭಾಳ ಆಗತದೇನು?’

‘ಇಲ್ಲ ಬಿಡ್ರಿ’ ಎಂದು ಮನೆಗೆ ಬಂದೆ.

ಅದೇ ವಾರ ಚಳಿ ದೇಶದಿಂದ ಉತ್ತರ ಬಂತು. ‘ತಿದ್ದುಪಡಿ ಕಳಿಸುವವರು ಬೇಕಾದಷ್ಟು ಜನ ಇದ್ದಾರೆ. ಕಳಿಸಿದ್ದನ್ನು ವಾಪಸ್ ಕೇಳಿದವರು ನೀವೊಬ್ಬರೇ. ಇನ್ನು ಈ ಡ್ರೈವರ್ ನಿಮ್ಮದು. ವಾರದ ಏಳೂ ದಿನ ಪರೀಕ್ಷೆ ಮಾಡಿ.’ ಓದಿ ಕಣ್ಣು ತುಂಬಿಬಂತು, ಸುಳ್ಳೇಕೆ ಹೇಳಲಿ.

ಓಣಿಯಲ್ಲಿ ಎರಡನೇ ಸಲ ಪೇಢೆ ಹಂಚುತ್ತ ಅವ್ವ ಕೇಳಿದಳು, ‘ಆ ಇ-ಮೇಲ್ ಯಾವ ವಾರ ಬಂತೋ?’

‘ಶುಕ್ರವಾರ’ ಎಂದೆ. ಅದು ಮಾತ್ರ ಸುಳ್ಳು.